ಪಡಸಾಲೆಯಲ್ಲಿ ಭಜನಾ ಮೇಳದ ಧ್ವನಿಮುದ್ರಣ: ಕೌದಿಯಿಂದ ಗುಮ್ಮಟದವರೆಗೆ

ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಬಹುತೇಕ ಊರುಗಳಲ್ಲಿ ಗುಡಿಯ ಕಟ್ಟೆಯ ಮೇಲೋ ಮಠದ ಅಂಗಳದಲ್ಲೋ ಕೂಡಿ ತತ್ವಪದ ಹಾಡುವ ಒಂದು ಭಜನಾ ಮೇಳ ಇಂದಿಗೂ ಇದೆ. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇರುವುದರಿಂದ ಈ ಹಾಡುಗಳು ಮುದ್ರಣವಾಗುವುದೂ ಹೆಚ್ಚಾಗಿದೆ. ಆದರೆ ಹಾಗೆ ಮುದ್ರಿಸಿದ್ದನ್ನು ಮರುದಿನ ಕೇಳಿದಾಗ ತಾಳದ ಝಣಝಣ ಮುಂದೆ ಬಂದಿರುತ್ತದೆ, ಪೇಟಿಯ (ಹಾರ್ಮೋನಿಯಂ) ಸ್ವರ ಗೋಡೆಯಂತೆ ನಿಂತಿರುತ್ತದೆ, ಹಾಡಿದವರ ಮಾತು ಮಾತ್ರ ಎಲ್ಲೋ ಹಿಂದೆ ಉಳಿದಿರುತ್ತದೆ. ತತ್ವಪದದ ಜೀವ ಇರುವುದು ಮಾತಿನಲ್ಲಿ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಹೇಳಿರುವ ಪ್ರತಿಯೊಂದು ಸಲಕರಣೆಯನ್ನೂ ಸ್ಟುಡಿಯೋದ ಪ್ರತಿಯೊಂದು ಕೈಚಳಕವನ್ನೂ ನಾನು ಅಳೆದಿರುವುದು ಒಂದೇ ಅಳತೆಗೋಲಿನಿಂದ: ಅದರಿಂದ ಪದದ ಮಾತು ಕೇಳುವವರಿಗೆ ಇನ್ನಷ್ಟು ಸ್ಪಷ್ಟವಾಗಿ ಮುಟ್ಟುತ್ತದೆಯೇ ಎಂಬುದು.

ಇಲ್ಲಿ ಉದಾಹರಣೆಗೆ ಇಟ್ಟುಕೊಂಡಿರುವುದು ಏಳೆಂಟು ಜನರ ಮೇಳ. ಮುಂದೆ ಹಾಡುವವರೊಬ್ಬರು ಏಕತಾರಿ ಹಿಡಿದಿರುತ್ತಾರೆ, ಒಬ್ಬರು ಪೇಟಿ ನುಡಿಸುತ್ತಾರೆ, ಒಬ್ಬರು ತಬಲಾ, ಒಬ್ಬರು ದಮ್ಮಡಿ (ಕೈಯಲ್ಲಿ ಹಿಡಿದು ಬಡಿಯುವ ಚರ್ಮವಾದ್ಯ), ಉಳಿದವರು ತಾಳ ಹಿಡಿದು ಹಿಮ್ಮೇಳ ಹಾಡುತ್ತಾರೆ. ಗೀಗೀ ಪದದ ಮೇಳಕ್ಕಾಗಲಿ ಸವದತ್ತಿ ಸೀಮೆಯ ಚೌಡಿಕೆ ಪದಕ್ಕಾಗಲಿ ಇದೇ ಕ್ರಮವನ್ನು ಸಣ್ಣಪುಟ್ಟ ಬದಲಾವಣೆಯೊಂದಿಗೆ ಅನುಸರಿಸಬಹುದು.

ಸಲಕರಣೆ

ಕನಿಷ್ಠ ನಾಲ್ಕು, ಸಾಧ್ಯವಾದರೆ ಎಂಟು ಮೈಕ್‌ಗಳನ್ನು ಒಟ್ಟಿಗೆ ಸೇರಿಸಬಲ್ಲ ಒಂದು ಆಡಿಯೋ ಇಂಟರ್‌ಫೇಸ್, (ಮೈಕಿನ ಸದ್ದನ್ನು ಲ್ಯಾಪ್‌ಟಾಪಿಗೆ ತಲುಪಿಸುವ ಪೆಟ್ಟಿಗೆ), ಒಂದು ಲ್ಯಾಪ್‌ಟಾಪ್, ಕಿವಿಯನ್ನು ಪೂರ್ತಿ ಮುಚ್ಚುವ ಒಂದು ಹೆಡ್‌ಫೋನ್ ಬೇಕು. ಮೈಕ್‌ಗಳಲ್ಲಿ ಎರಡು ಬಗೆ ಇವೆ. ಡೈನಮಿಕ್ ಮೈಕ್ ಗಟ್ಟಿ ಜೀವದ್ದು, ಹತ್ತಿರದ ಸದ್ದನ್ನೇ ಹೆಚ್ಚು ಹಿಡಿಯುತ್ತದೆ ಮತ್ತು ಅದಕ್ಕೆ ಹೊರಗಿನ ವಿದ್ಯುತ್ ಬೇಡ. ಕಂಡೆನ್ಸರ್ ಮೈಕ್ ಸೂಕ್ಷ್ಮವಾದದ್ದು, ಅದಕ್ಕೆ ಇಂಟರ್‌ಫೇಸ್‌ನಿಂದ 48 ವೋಲ್ಟ್ ಹರಿಯಬೇಕು, ಹಾಡಿನ ಜೊತೆ ಕೋಣೆಯ ಗುಣದೋಷಗಳನ್ನೂ ಅದು ಹೊತ್ತು ತರುತ್ತದೆ. ಊರಿನ ಮೈಕ್ ಸೆಟ್‌ನವರ ಬಳಿ ಇರುವ ಕೈಮೈಕ್‌ಗಳು ಬಹುಪಾಲು ಡೈನಮಿಕ್ ಆಗಿದ್ದು, ನಮ್ಮ ಪಡಸಾಲೆಗಳಿಗೆ ಅವೇ ಹೆಚ್ಚು ಹೊಂದುತ್ತವೆ ಎಂಬುದು ನನ್ನ ಅಭಿಪ್ರಾಯ. ಎಲ್ಲವನ್ನೂ ಕೊಳ್ಳುವ ಅಗತ್ಯವಿಲ್ಲ. ನಾಲ್ಕು ಮೈಕ್, ನಾಲ್ಕು ಸ್ಟ್ಯಾಂಡ್, ಒಳ್ಳೆಯ ಕೇಬಲ್‌ಗಳನ್ನು ಒಂದು ರಾತ್ರಿಗೆ ಅವರಿಂದ ಬಾಡಿಗೆಗೆ ತಂದರೆ ಸಾಕು. ಮುಂದೆ ಹಾಡುವವರಿಗಾಗಿ ಒಂದು ಕಂಡೆನ್ಸರ್ ಮೈಕ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ.

ತಂತ್ರಾಂಶಗಳ ಪೈಕಿ ಆಡಾಸಿಟಿ ಉಚಿತವಾಗಿ ಸಿಗುತ್ತದೆ, ಕತ್ತರಿಸಿ ಜೋಡಿಸುವುದಕ್ಕೆ ಸಾಕಾಗುತ್ತದೆ. ಆರೆಂಟು ಟ್ರ್ಯಾಕ್‌ಗಳನ್ನು (ಒಂದೊಂದು ಮೈಕಿನ ಸದ್ದಿಗೆ ಒಂದೊಂದು ಬೇರೆ ಸಾಲು) ಒಟ್ಟಿಗೆ ಮುದ್ರಿಸಿ ಮಿಶ್ರಣ ಮಾಡುವುದಿದ್ದರೆ ರೀಪರ್‌ನಂತಹ ತಂತ್ರಾಂಶ ಹೆಚ್ಚು ಅನುಕೂಲ.

ಕೋಣೆಯನ್ನು ಹದಗೊಳಿಸುವುದು

ನೆಲಕ್ಕೆ ಫರಸಿ, ಮೂರು ಕಡೆ ಕಲ್ಲಿನ ಇಲ್ಲವೇ ಸಿಮೆಂಟಿನ ಗೋಡೆ, ಮೇಲೆ ಸ್ಲ್ಯಾಬ್: ಇದು ಇಂದಿನ ನಮ್ಮ ಪಡಸಾಲೆ. ಇಂತಹ ಕೋಣೆಯ ನಡುವೆ ನಿಂತು ಒಂದೇ ಒಂದು ಚಪ್ಪಾಳೆ ತಟ್ಟಿ ನೋಡಿ. ಎದುರುಬದುರಿನ ಗೋಡೆಗಳ ನಡುವೆ ಸದ್ದು ಚೆಂಡಿನಂತೆ ಪುಟಿದು, ಚಪ್ಪಾಳೆಯ ಬೆನ್ನಿಗೇ ಟರ್ರೆಂಬ ಕಂಪನವೊಂದು ಕೇಳಿಸುತ್ತದೆ. ಮಾತಿನ ವ್ಯಂಜನಗಳನ್ನು ತಿಂದುಹಾಕುವುದು ಇದೇ. ಒಮ್ಮೆ ಮುದ್ರಣದೊಳಗೆ ಸೇರಿದ ಮೇಲೆ ಯಾವ ತಂತ್ರಾಂಶವೂ ಇದನ್ನು ಪೂರ್ತಿಯಾಗಿ ತೆಗೆಯಲಾರದು. ಹಳೆಯ ಮಣ್ಣಿನ ಮಾಳಿಗೆಯ ಮನೆ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ. ಅದರ ಗೋಡೆಗಳು ಅಷ್ಟು ನುಣುಪಾಗಿರುವುದಿಲ್ಲ, ಜಂತಿ ತೊಲೆಗಳು ಸದ್ದನ್ನು ಒಂದೇ ದಿಕ್ಕಿಗೆ ಹೋಗದಂತೆ ಚದುರಿಸುತ್ತವೆ.

ಸ್ಟುಡಿಯೋಗಳಲ್ಲಿ ಗೋಡೆಗೆ ಹೊಡೆಯುವ ದುಬಾರಿ ಫೋಮ್‌ನ ಬದಲು ನಮ್ಮ ಮನೆಗಳಲ್ಲಿ ಅದಕ್ಕಿಂತ ಉತ್ತಮವಾದ ವಸ್ತುವೊಂದು ಮಡಿಕೆ ಹಾಕಿ ಕೂತಿದೆ: ಕೌದಿ. ಹಳೆಯ ಸೀರೆ, ಧೋತರಗಳ ಪದರದ ಮೇಲೆ ಪದರವಿಟ್ಟು ಕೈಯಿಂದ ಹೊಲಿದ ಈ ಹೊದಿಕೆಯ ಎಳೆಗಳ ಸಂದಿನಲ್ಲಿ ಗಾಳಿಯ ಅಲೆ ನುಗ್ಗಿ, ಉಜ್ಜಿ, ಶಕ್ತಿ ಕಳೆದುಕೊಳ್ಳುತ್ತದೆ. ಆದರೆ ಕೌದಿಯನ್ನು ಗೋಡೆಗೆ ಅಂಟಿಸಿ ಮೊಳೆ ಹೊಡೆಯಬೇಡಿ. ಗೋಡೆಗೆ ತಾಗಿದ ಜಾಗದಲ್ಲಿ ಗಾಳಿಯ ಚಲನೆ ಬಹುತೇಕ ಇರುವುದಿಲ್ಲ. ಅಲೆಯ ಉದ್ದದ ಕಾಲುಭಾಗದಷ್ಟು ದೂರದಲ್ಲಿ ಅದು ಅತಿ ಹೆಚ್ಚು. ಹಗ್ಗ ಕಟ್ಟಿ ಗೋಡೆಯಿಂದ ಒಂದು ಗೇಣು ಮುಂದಕ್ಕೆ ತೂಗಿಬಿಟ್ಟರೆ ಅದೇ ಕೌದಿ ಕೆಳಗೆ ಸುಮಾರು 375 ಹರ್ಟ್ಸ್‌ನವರೆಗೂ (ಸೆಕೆಂಡಿಗೆ ಅಷ್ಟು ಕಂಪನ; ಅಂಕಿ ಇಳಿದಷ್ಟೂ ಸ್ವರ ತಗ್ಗು) ಕೆಲಸ ಮಾಡುತ್ತದೆ, ಅಂದರೆ ಪುರುಷ ಕಂಠದ ಮೈಯನ್ನೂ ಹಿಡಿಯುತ್ತದೆ. ಗೋಡೆಗೆ ಒತ್ತಿದರೆ ತಾಳದ ಚೂಪನ್ನಷ್ಟೇ ಹೀರುತ್ತದೆ, ಗುಂಯ್‌ಗುಡುವಿಕೆ ಹಾಗೆಯೇ ಉಳಿಯುತ್ತದೆ.

ಮೊದಲ ಕೌದಿಯನ್ನು ಹಾಡುವವರ ಬೆನ್ನ ಹಿಂದೆ ಕಟ್ಟಬೇಕು. ಅವರ ಮೈಕ್ ನೋಡುತ್ತಿರುವುದು ಅವರನ್ನೂ ಅವರ ಹಿಂದಿನ ಗೋಡೆಯನ್ನೂ ಆಗಿರುವುದರಿಂದ ಈ ಒಂದು ಕೌದಿ ಉಳಿದ ನಾಲ್ಕಕ್ಕೆ ಸಮ. ಎರಡನೆಯದನ್ನು ಎದುರು ಗೋಡೆಗೆ ಕಟ್ಟಿ, ನೆಲಕ್ಕೆ ದಪ್ಪ ಜಮಖಾನ ಹಾಸಿ. ಕೋಣೆಯ ಮೂಲೆಗಳಲ್ಲಿ ಅರಳೆಯ ಅಂಡಿಗೆಯೋ ತುಂಬಿದ ಜೋಳದ ಚೀಲಗಳೋ ಇದ್ದರೆ ಅವನ್ನು ಅಲ್ಲಿಯೇ ಬಿಡಿ. ತಗ್ಗಿನ ಸ್ವರಗಳು ಒಟ್ಟುಗೂಡುವುದೇ ಮೂಲೆಗಳಲ್ಲಿ. ಮತ್ತೆ ಚಪ್ಪಾಳೆ ತಟ್ಟಿ. ಟರ್ರೆಂಬ ಕಂಪನ ಹೋಗಿ ಮೊಂಡಾದ ಒಂದು ಪೆಟ್ಟು ಮಾತ್ರ ಕೇಳಿಸಿದರೆ ಕೋಣೆ ಸಿದ್ಧವಾಯಿತು.

ಹೊತ್ತು ಮತ್ತು ವಿದ್ಯುತ್ತು

ಮುಧೋಳ, ಜಮಖಂಡಿ, ಗೋಕಾಕ, ಅಥಣಿಯ ಸುತ್ತ ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್‌ಗಳು ಹಾಡು ಹಚ್ಚಿಕೊಂಡು ಇಡೀ ರಾತ್ರಿ ಓಡುತ್ತವೆ. ರಬಕವಿ-ಬನಹಟ್ಟಿ, ಇಳಕಲ್ಲಿನ ಓಣಿಗಳಲ್ಲಿ ವಿದ್ಯುತ್ ಮಗ್ಗಗಳ ಸದ್ದು ನೆಲದ ಮೂಲಕವೇ ಸ್ಟ್ಯಾಂಡಿಗೆ ಏರುತ್ತದೆ. ಮಗ್ಗ ನಿಂತ ದಿನ, ಹಂಗಾಮು ಮುಗಿದ ಮೇಲಿನ ತಿಂಗಳು, ರಾತ್ರಿ ಹತ್ತರ ನಂತರದ ಹೊತ್ತು ಇವನ್ನು ಹುಡುಕಿಕೊಳ್ಳಿ. ಪ್ರತಿ ಸ್ಟ್ಯಾಂಡಿನ ಕೆಳಗೆ ಮಡಿಸಿದ ಗೋಣಿಚೀಲ ಇಡಿ. ಫ್ಯಾನ್, ಫ್ರಿಜ್ ಬಂದ್ ಆಗಿರಲಿ.

ನಾನು ಮೊದಲ ಬಾರಿಗೆ ಮುದ್ರಿಸಿದ ಎರಡು ತಾಸಿನ ಭಜನೆ ಪೂರ್ತಿ ಹಾಳಾದದ್ದು ಒಂದು ಗುಂಗಾರದಿಂದ. ಲ್ಯಾಪ್‌ಟಾಪಿನ ಚಾರ್ಜರ್ ಅನ್ನು ಬೋರ್‌ವೆಲ್ ಸ್ಟಾರ್ಟರ್ ಇದ್ದ ಬೋರ್ಡಿಗೇ ಚುಚ್ಚಿದ್ದೆ; ಆ ಮನೆಯಲ್ಲಿ ಅರ್ಥಿಂಗ್ ಸರಿಯಿರಲಿಲ್ಲ. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಸ್, ಅದರ ಗುಂಗಾರ 50, 100, 150 ಹೀಗೆ ಏಣಿ ಏರಿದಂತೆ ಕೂರುತ್ತದೆ, 100 ಮತ್ತು 150ರಲ್ಲಿ ಅದು ಗಂಡು ದನಿಯ ಆಧಾರ ಸ್ವರದ ಮೇಲೆಯೇ ಬೀಳುತ್ತದೆ. ಅಂದಿನಿಂದ ಲ್ಯಾಪ್‌ಟಾಪನ್ನು ಪೂರ್ತಿ ಚಾರ್ಜ್ ಮಾಡಿ, ಚಾರ್ಜರ್ ಕಿತ್ತು, ಬ್ಯಾಟರಿಯ ಮೇಲೆಯೇ ಮುದ್ರಿಸುತ್ತೇನೆ. ಕರೆಂಟ್ ಹೋದರೂ ಹಾಡು ನಿಲ್ಲುವುದಿಲ್ಲ ಎಂಬುದು ಇದರ ಇನ್ನೊಂದು ಲಾಭ.

ಮೇಳವನ್ನು ಕೂರಿಸುವ ಬಗೆ

ಈ ಹಂತಕ್ಕೆ ಬೇಕಾದಷ್ಟು ಸಮಯ ಕೊಡಿ. ಮಿಶ್ರಣದಲ್ಲಿ ಮೂರು ದಿನ ಹೆಣಗಿದರೂ ಆಗದ ಕೆಲಸ ಇಲ್ಲಿ ಒಬ್ಬರನ್ನು ಎರಡು ಮೊಳ ಆಚೆ ಕೂರಿಸಿದರೆ ಆಗುತ್ತದೆ. ಬೀಳಗಿಯಲ್ಲಿ ಹುಟ್ಟಿದ ಅಮೀರ್‌ಬಾಯಿ ಕರ್ನಾಟಕಿ ಅವರು ಹಿಂದಿ ಚಿತ್ರಗಳಿಗೆ ಹಾಡುತ್ತಿದ್ದ 1940ರ ದಶಕದಲ್ಲಿ ಗಾಯಕಿಯೂ ವಾದ್ಯದವರೂ ಬೆರಳೆಣಿಕೆಯ ಮೈಕ್‌ಗಳ ಸುತ್ತ ಒಟ್ಟಿಗೆ ನಿಲ್ಲುತ್ತಿದ್ದರು. ಯಾರ ಸದ್ದು ಎಷ್ಟು ಎಂಬುದನ್ನು ಅವರು ನಿಂತ ದೂರವೇ ನಿರ್ಧರಿಸುತ್ತಿತ್ತು. ಅಂದಿನ ಆ ವಿವೇಕ ಇಂದಿಗೂ ನಮಗೆ ಬೇಕು.

ಭಜನೆಯನ್ನು ಹತ್ತಿರದಿಂದ ನೋಡಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಮುಂದೆ ಹಾಡುವವರು ಪ್ರತಿ ನುಡಿಯ ಕೊನೆಗೆ ಹಿಮ್ಮೇಳದ ಕಡೆಗೆ ಕತ್ತು ತಿರುಗಿಸಿ, ಕಣ್ಣಿನಿಂದಲೇ ಸಾಲನ್ನು ಅವರಿಗೆ ಒಪ್ಪಿಸುತ್ತಾರೆ. ಹಿಮ್ಮೇಳ ಪಕ್ಕದಲ್ಲಿ ಕೂತಿದ್ದರೆ ಆ ತಿರುವಿನಲ್ಲಿ ನುಡಿಯ ಕೊನೆಯ ಮಾತು ಮೈಕಿನಿಂದ ಜಾರಿಹೋಗುತ್ತದೆ. ಅಂಕಿತ ಬರುವುದೂ ಅನೇಕ ಪದಗಳಲ್ಲಿ ಅಲ್ಲಿಯೇ. ತಿರುಗಬೇಡಿ ಎಂದು ಹೇಳಿದರೆ ಹಾಡು ಬಿಗಿಯಾಗುತ್ತದೆ. ಹಾಗಾಗಿ ಹಿಮ್ಮೇಳದವರನ್ನು ಅವರ ಪಕ್ಕದಲ್ಲಲ್ಲ, ನೇರ ಎದುರಿಗೆ ಐದಾರು ಮೊಳ ದೂರದಲ್ಲಿ ಕೂರಿಸಿ, ಅವರ ನಡುವೆ ಮೈಕ್ ನಿಲ್ಲಿಸಿ. ಈಗ ಹಾಡುವವರು ಹಿಮ್ಮೇಳವನ್ನು ನೋಡಿದರೆ ಮೈಕಿನ ಕಡೆಗೇ ನೋಡಿದಂತಾಗುತ್ತದೆ. ಕೈಮೈಕ್‌ಗಳಲ್ಲಿ ಬಹುಪಾಲು ಹೃದಯಾಕಾರದ ಗ್ರಹಣ ಕ್ಷೇತ್ರವಿರುವುದರಿಂದ ಅವು ಮುಂದಿನದನ್ನು ಕೇಳಿ ಹಿಂದಿನದಕ್ಕೆ ಕಿವುಡಾಗುತ್ತವೆ. ಎದುರಿಗೆ ಕೂತ ಹಿಮ್ಮೇಳವೂ ತಾಳವೂ ಆ ಕಿವುಡು ಭಾಗಕ್ಕೆ ಬೀಳುತ್ತವೆ. ಒಂದು ಕೂರುವಿಕೆಯಿಂದ ಎರಡು ತೊಡಕುಗಳು ಬಗೆಹರಿದವು.

ಮೈಕನ್ನು ಬಾಯಿಯಿಂದ ಒಂದು ಗೇಣು ದೂರದಲ್ಲಿ, ಬಾಯಿಯ ನೇರಕ್ಕಲ್ಲದೆ ತುಸು ಓರೆಯಾಗಿ, ಗಲ್ಲದ ಮಟ್ಟದಲ್ಲಿ ಇಡಿ. ನೇರಕ್ಕಿದ್ದರೆ ಪ, ಬ, ಭ ಅಕ್ಷರಗಳ ಗಾಳಿ ಮೈಕಿಗೆ ಬಡಿದು ಧಪ್ಪೆನ್ನುತ್ತದೆ. ತೀರಾ ಹತ್ತಿರ ತಂದರೆ ಈ ಬಗೆಯ ಮೈಕ್ ತಗ್ಗಿನ ಸ್ವರಗಳನ್ನು ಉಬ್ಬಿಸುತ್ತದೆ. ದೂರವನ್ನು ಅರ್ಧಕ್ಕೆ ಇಳಿಸಿದರೆ ನೇರ ಸದ್ದು 6 ಡಿಬಿ (ಡೆಸಿಬೆಲ್, ಸದ್ದಿನ ಮಟ್ಟದ ಅಳತೆ) ಏರುತ್ತದೆ, ಕೋಣೆಯ ಸದ್ದು ಇದ್ದಷ್ಟೇ ಇರುತ್ತದೆ ಎಂಬ ಲೆಕ್ಕ ಮನಸ್ಸಿನಲ್ಲಿರಲಿ.

ಪೇಟಿಯನ್ನು ಹಾಡುವವರ ಬಲಕ್ಕೆ, ತಬಲಾವನ್ನು ಎಡಕ್ಕೆ ಇಡಬಹುದು. ಪೇಟಿಯ ಮೈಕ್ ತಿದಿಯ ಕಡೆಗಿರಬಾರದು; ಮೇಲಿನಿಂದ ಒಂದು ಮೊಳ ಎತ್ತರದಲ್ಲಿ, ನುಡಿಸುವವರ ಬಲಗೈ ಕಡೆಯಿಂದ ಓರೆಯಾಗಿ ಇಟ್ಟರೆ ತಿದಿಯ ಉಸಿರು ಕಡಿಮೆ ಬರುತ್ತದೆ. ತಬಲಾಕ್ಕೆ ಒಂದೇ ಮೈಕ್ ಇದ್ದರೆ ಬಲ ಎಡಗಳ ನಡುವೆ ಒಂದು ಗೇಣು ಮೇಲೆ, ತುಸು ಎಡಕ್ಕೆ ವಾಲಿಸಿ ಇಡಿ, ಏಕೆಂದರೆ ಡಗ್ಗೆಯ ಗುಮಕು ದೂರದಿಂದ ಕಳೆದುಹೋಗುವುದು ಬೇಗ. ಏಕತಾರಿಗೆ ಬೇರೆ ಮೈಕ್ ಬೇಡ, ಹಾಡುವವರ ಮೈಕಿನಲ್ಲಿಯೇ ಅದು ಹದವಾಗಿ ಬರುತ್ತದೆ. ಎರಡು ಮೈಕ್‌ಗಳ ನಡುವಿನ ಅಂತರ, ಮೈಕಿಗೂ ವಾದ್ಯಕ್ಕೂ ಇರುವ ಅಂತರದ ಮೂರು ಪಟ್ಟಾದರೂ ಇರಬೇಕು. ಇಲ್ಲದಿದ್ದರೆ ಒಂದೇ ಸದ್ದು ಎರಡು ಕಡೆಯಿಂದ ಕೊಂಚ ಹಿಂದುಮುಂದಾಗಿ ಬಂದು ಒಂದನ್ನೊಂದು ಅಳಿಸುತ್ತದೆ.

ಇನ್ನು ತಾಳ. ಮೇಳದಲ್ಲಿ ನಾಲ್ವರ ಕೈಯಲ್ಲಿ ತಾಳ ಇದ್ದರೆ ಮುದ್ರಣದಲ್ಲಿ ಬೇರೇನೂ ಉಳಿಯುವುದಿಲ್ಲ. ಕಂಚಿನ ಆ ಚೂಪು ಸದ್ದು ಮತ್ತು ಸ, ಶ, ಚ, ತ ಅಕ್ಷರಗಳ ಸ್ಪಷ್ಟತೆ ಒಂದೇ ಜಾಗದಲ್ಲಿ, ಸುಮಾರು 3,000 ಹರ್ಟ್ಸ್‌ನಿಂದ ಮೇಲೆ, ವಾಸ ಮಾಡುತ್ತವೆ. ಒಂದನ್ನು ಕತ್ತರಿಸಿದರೆ ಇನ್ನೊಂದಕ್ಕೂ ಗಾಯವಾಗುತ್ತದೆ. ಒಬ್ಬರ ಕೈಯಲ್ಲಿ ಮಾತ್ರ ತಾಳ ಇರಲಿ, ಅವರು ಹಿಮ್ಮೇಳದ ಹಿಂದಿನ ಸಾಲಿನಲ್ಲಿ ಕೂರಲಿ, ಉಳಿದವರು ಚಪ್ಪಾಳೆ ಹಾಕಲಿ ಎಂದು ಮೇಳದ ಹಿರಿಯರ ಬಳಿ ಮೊದಲೇ ವಿನಯದಿಂದ ಮಾತಾಡಿ ಒಪ್ಪಿಸಿಕೊಳ್ಳಿ. ತಾಳ ಅವರಿಗೆ ಬರೀ ವಾದ್ಯವಲ್ಲ, ಪೂಜೆಯ ವಸ್ತು. ಕಾರಣ ಹೇಳದೆ ಕೆಳಗಿಡಿಸುವುದು ಸಲ್ಲದು.

ಶ್ರುತಿ, ಮಟ್ಟ, ಮುದ್ರಣ

ಹಾಡುವವರು ಕರಿ ಒಂದೋ ಕರಿ ಎರಡೋ (ಪೇಟಿಯ ಕರಿ ಮನೆಗಳ ಶ್ರುತಿ) ಯಾವುದರಲ್ಲಿ ಹಾಡುತ್ತಾರೆಂದು ಕೇಳಿ, ಪೇಟಿಯ ಆ ಸ್ವರಕ್ಕೆ ಏಕತಾರಿಯನ್ನೂ ತಬಲಾದ ಬಲವನ್ನೂ ಕೂಡಿಸಿ. ಪ್ರತಿ ಎರಡು ಪದಕ್ಕೊಮ್ಮೆ ಮತ್ತೆ ನೋಡಿ, ರಾತ್ರಿ ತಂಪಾದಂತೆ ಚರ್ಮವೂ ತಂತಿಯೂ ಜಾಗ ಬಿಡುತ್ತವೆ.

ಮುದ್ರಣವನ್ನು 48,000 ಹರ್ಟ್ಸ್ (ಇಲ್ಲಿ ಸೆಕೆಂಡಿಗೆ ತೆಗೆಯುವ ಸದ್ದಿನ ಮಾದರಿಗಳ ಸಂಖ್ಯೆ), 24 ಬಿಟ್‌ನಲ್ಲಿ (ಪ್ರತಿ ಮಾದರಿಯ ಅಳತೆಯ ಸೂಕ್ಷ್ಮತೆ) ಇಡಿ. 24 ಬಿಟ್‌ನಲ್ಲಿ ಸದ್ದಿನ ಏರಿಳಿತಕ್ಕೆ ಲೆಕ್ಕದ ಪ್ರಕಾರ 144 ಡಿಬಿಯಷ್ಟು ಜಾಗವಿರುವುದರಿಂದ ಮಟ್ಟವನ್ನು ಕೆಂಪುಗೆರೆಯ ಬಳಿಗೆ ತಳ್ಳಬೇಕಾದ ಅಗತ್ಯವೇ ಇಲ್ಲ. ಅತಿ ಜೋರಾದ ಭಾಗವೂ ಸೊನ್ನೆಗಿಂತ (ಮೀಟರಿನ ಗರಿಷ್ಠ ಮಿತಿಗಿಂತ) 12 ಡಿಬಿ ಕೆಳಗೆ ನಿಲ್ಲಲಿ. ಮಟ್ಟ ಪರೀಕ್ಷಿಸುವಾಗ ಮೇಳದವರು ಪದದ ಮೊದಲ ನುಡಿಯನ್ನಷ್ಟೇ ಹಾಡಿ ತೋರಿಸುತ್ತಾರೆ, ಅದನ್ನು ನಂಬಬೇಡಿ. ಭಜನೆಯ ಲಯ ಏರುತ್ತ ಹೋಗಿ ಕೊನೆಗೆ ಎಲ್ಲರೂ ಮೈಮರೆತು ಹಾಡುವ ಆ ಭಾಗವನ್ನೇ ಹಾಡಿಸಿ ಮಟ್ಟ ಕಟ್ಟಿ. ಒಂದು ಟ್ರ್ಯಾಕಿಗೆ ನಿಮಿಷಕ್ಕೆ ಸುಮಾರು 8.6 ಎಂಬಿ ಬೇಕಾಗುತ್ತದೆ. ಆರು ಟ್ರ್ಯಾಕ್, ಎರಡು ತಾಸು ಎಂದರೆ ಸುಮಾರು 6.2 ಜಿಬಿ. ಡಿಸ್ಕಿನಲ್ಲಿ ಅದರ ಎರಡರಷ್ಟು ಜಾಗ ಖಾಲಿ ಇರಲಿ. ಹಾಡು ಶುರುವಾಗುವ ಮೊದಲು ಎಲ್ಲರೂ ಮೌನವಾಗಿ ಕೂತ ಒಂದು ನಿಮಿಷವನ್ನೂ ಮುದ್ರಿಸಿಕೊಳ್ಳಿ, ಅದು ಮುಂದೆ ಬೇಕಾಗುತ್ತದೆ.

ಸಿನಿಮಾ ಹಾಡಿನಂತೆ ಒಬ್ಬೊಬ್ಬರನ್ನೇ ಬೇರೆ ಬೇರೆಯಾಗಿ ಮುದ್ರಿಸಿದರೆ ಸ್ವಚ್ಛವಾಗಿ ಬರುತ್ತದಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ನಾನೂ ಒಮ್ಮೆ ಎಪ್ಪತ್ತು ದಾಟಿದ ಹಿರಿಯರೊಬ್ಬರನ್ನು ಒಳಕೋಣೆಯಲ್ಲಿ ಒಂಟಿಯಾಗಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಪೇಟಿಯ ಟ್ರ್ಯಾಕ್ ಕೇಳಿಸಿ ಹಾಡಲು ಹೇಳಿದ್ದೆ. ಮೂರನೆಯ ನುಡಿಗೆ ಅವರು ನಿಂತುಬಿಟ್ಟರು. “ತಮ್ಮಾ, ಹಿಂದ ಹಿಡಿಯವ್ರು ಇಲ್ಲಂದ್ರ ನನಗ ಮುಂದಿನ ನುಡಿ ನೆನಪಿಗೆ ಬರೂದಿಲ್ಲ” ಎಂದರು. ಹಿಮ್ಮೇಳ ಪಲ್ಲವಿಯನ್ನು ಎತ್ತಿಕೊಂಡಾಗ ಸಿಗುವ ಆ ಎಂಟು ಮಾತ್ರೆಗಳ ಬಿಡುವಿನಲ್ಲಿಯೇ ಅವರಿಗೆ ಉಸಿರೂ ನೆನಪೂ ಮರಳುತ್ತಿದ್ದವು. ಆದ್ದರಿಂದ ಮೇಳವನ್ನು ಒಡೆಯಬೇಡಿ, ಕಿವಿಯಲ್ಲಿ ಟಿಕ್‌ಟಿಕ್ ಎನ್ನುವ ಕ್ಲಿಕ್ ಟ್ರ್ಯಾಕ್ ಕೊಟ್ಟು ಲಯವನ್ನು ಕಟ್ಟಿಹಾಕಬೇಡಿ. ಒಟ್ಟಿಗೆ ಕೂರಿಸಿ ಒಂದೇ ಪದವನ್ನು ಮೂರು ಬಾರಿ ಹಾಡಿಸಿ. ನನ್ನ ಅನುಭವದಲ್ಲಿ ಎರಡನೆಯದು ಹೆಚ್ಚಾಗಿ ಉಳಿಯುತ್ತದೆ.

ಮೇಲೆ ಮೇಲೆ ಪದರ ಸೇರಿಸುವ ತಂತ್ರವನ್ನು ಬಳಸಬೇಕಾದ ಜಾಗ ಹಿಮ್ಮೇಳ. ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ ತನ್ನದೇ ವಾದನದ ಮೇಲೆ ಇನ್ನೊಂದನ್ನು ಮುದ್ರಿಸುವ ಈ ಕ್ರಮವನ್ನು 1940ರ ದಶಕದಲ್ಲಿಯೇ ಬೆಳೆಸಿದ್ದ. ಪೂರ್ತಿ ಪದ ಮುಗಿದ ಮೇಲೆ ಹಿಮ್ಮೇಳದವರಿಗೆ ಅದನ್ನು ಒಂದೇ ಕಿವಿಯ ಹೆಡ್‌ಫೋನಿನಲ್ಲಿ ಕೇಳಿಸಿ, ತಾಳವಿಲ್ಲದೆ ಪಲ್ಲವಿಯನ್ನಷ್ಟೇ ಮತ್ತೊಮ್ಮೆ ಹಾಡಿಸಿ. ನಾಲ್ವರ ದನಿ ಎಂಟಾಗುತ್ತದೆ, ಅವರ ಮಾತೂ ತಾಳದ ಹಿಡಿತದಿಂದ ಹೊರಬರುತ್ತದೆ. 1966ರಲ್ಲಿ ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೋದಲ್ಲಿ ಕೆನ್ ಟೌನ್‌ಸೆಂಡ್ ಎಂಬ ತಂತ್ರಜ್ಞರು ಒಂದೇ ದನಿಯನ್ನು ಕೆಲವು ಮಿಲಿಸೆಕೆಂಡ್ ತಡಮಾಡಿ ಜೋಡಿಸಿ ಕೃತಕವಾಗಿ ಎರಡಾಗಿಸುವ ಉಪಾಯ ಕಂಡುಹಿಡಿದರು. ತಂತ್ರಾಂಶಗಳಲ್ಲಿ ಅದು ಈಗ ಒಂದು ಗುಂಡಿ. ಆದರೆ ಜನರೇ ಎದುರಿಗಿರುವಾಗ ಮತ್ತೊಮ್ಮೆ ಹಾಡಿಸುವುದೇ ಮೇಲು.

ಕತ್ತರಿಸಿ ಸ್ವಚ್ಛಗೊಳಿಸುವುದು

ಒಂದು ಪ್ರತಿಯ ಮೂರನೆಯ ನುಡಿ ತಪ್ಪಿದ್ದರೆ ಇನ್ನೊಂದರಿಂದ ತಂದು ಕೂಡಿಸಬಹುದು, ಲಯ ಹೊಂದುವುದಾದರೆ ಮಾತ್ರ. ಎಲ್ಲ ಟ್ರ್ಯಾಕ್‌ಗಳನ್ನೂ ಒಟ್ಟಿಗೇ ಕತ್ತರಿಸಬೇಕು, ಏಕೆಂದರೆ ಪ್ರತಿ ಮೈಕಿನಲ್ಲೂ ಎಲ್ಲರೂ ಸ್ವಲ್ಪ ಸ್ವಲ್ಪ ಇದ್ದಾರೆ. ಕತ್ತರಿ ಹಾಕುವ ಜಾಗ ತಾಳದ ಪೆಟ್ಟಿಗೆ ಕೂದಲೆಳೆಯಷ್ಟು ಮುಂಚೆ ಇರಲಿ. ಆ ಪೆಟ್ಟು ಕಿವಿಯನ್ನು ತನ್ನ ಕಡೆ ಎಳೆದುಕೊಳ್ಳುವುದರಿಂದ 10 ರಿಂದ 20 ಮಿಲಿಸೆಕೆಂಡ್‌ಗಳ ಬೆಸುಗೆ ಯಾರಿಗೂ ಗೊತ್ತಾಗುವುದಿಲ್ಲ.

ಮೊದಲೇ ಮುದ್ರಿಸಿಟ್ಟ ಮೌನದ ನಿಮಿಷ ಈಗ ಉಪಯೋಗಕ್ಕೆ ಬರುತ್ತದೆ. ಅದನ್ನು ಮಾದರಿಯಾಗಿ ಕೊಟ್ಟರೆ ಆಡಾಸಿಟಿ ಆ ಗದ್ದಲವನ್ನಷ್ಟೇ ತಗ್ಗಿಸುತ್ತದೆ. 6 ರಿಂದ 8 ಡಿಬಿಗಿಂತ ಹೆಚ್ಚು ತಗ್ಗಿಸಲು ಹೋದರೆ ದನಿ ನೀರೊಳಗಿಂದ ಬಂದಂತಾಗುತ್ತದೆ. ಸ್ವಲ್ಪ ಗದ್ದಲ ಉಳಿದರೂ ಮಾತು ಕೇಳುತ್ತದೆ, ದನಿ ಕೆಟ್ಟರೆ ಕೇಳುವುದಿಲ್ಲ.

ಮಿಶ್ರಣ

ಮೊದಲು ಹಾಡುವವರ ಟ್ರ್ಯಾಕ್ ಒಂದನ್ನೇ ತೆರೆದು, ಪದದ ಸಾಹಿತ್ಯವನ್ನು ಕಾಗದದ ಮೇಲೆ ಬರೆದು ಎದುರಿಗಿಟ್ಟುಕೊಳ್ಳಿ. ಪ್ರತಿ ಮಾತನ್ನೂ ಕೇಳುತ್ತ, ಮಂಕಾದ ಮಾತಿನ ಮಟ್ಟವನ್ನು 2-3 ಡಿಬಿ ಎತ್ತಿ, ತಟ್ಟನೆ ಚೀರಿದ್ದನ್ನು ತಗ್ಗಿಸುತ್ತ ಹೋಗಿ. ಇದು ಬೇಸರದ ಕೆಲಸ, ಒಂದು ಪದಕ್ಕೆ ಒಂದು ತಾಸು ಹಿಡಿಯುತ್ತದೆ, ಆದರೆ ಯಾವ ಯಂತ್ರಕ್ಕೂ ಪದದ ಅರ್ಥ ಗೊತ್ತಿಲ್ಲ. ಇದಾದ ಮೇಲೆ ಕಂಪ್ರೆಸರ್ (ಜೋರಾದ ಭಾಗವನ್ನು ತಾನಾಗಿ ತಗ್ಗಿಸುವ ಸಾಧನ) ಹಾಕಿದರೆ ಅದಕ್ಕೆ ಉಳಿಯುವ ಕೆಲಸ ಕಡಿಮೆ: ಅನುಪಾತ 3ಕ್ಕೆ 1, ಹಿಡಿಯಲು 10-15 ಮಿಲಿಸೆಕೆಂಡ್, ಬಿಡಲು 100 ರಿಂದ 150 ಮಿಲಿಸೆಕೆಂಡ್, ಒಟ್ಟು ಇಳಿತ 3-4 ಡಿಬಿ ದಾಟದಿರಲಿ. ಹಿಡಿಯುವ ವೇಗ ಅತಿಯಾದರೆ ಕ, ತ, ಪಗಳ ಮೊದಲ ಪೆಟ್ಟು ಮೊಂಡಾಗುತ್ತದೆ.

ಅನಂತರ ಈಕ್ವಲೈಸರ್, ಅಂದರೆ ಬೇರೆ ಬೇರೆ ಆವರ್ತನಗಳನ್ನು ಏರಿಸಿ ಇಳಿಸುವ ಸಾಧನ. ದನಿಯಲ್ಲಿ 80 ಹರ್ಟ್ಸ್‌ಗಿಂತ ಕೆಳಗಿನದು ಬರೀ ನೆಲದ ಸದ್ದು, ಕತ್ತರಿಸಿಬಿಡಿ. ದನಿಯನ್ನು ಮುಂದೆ ತರಲು ದನಿಯನ್ನೇ ಎತ್ತುವ ಬದಲು ಪೇಟಿಯಲ್ಲಿ 1,000 ರಿಂದ 3,000 ಹರ್ಟ್ಸ್ ನಡುವೆ 3 ಡಿಬಿಯಷ್ಟು ತಗ್ಗು ತೋಡಿ. ಪೇಟಿ ಹಿಂದೆ ಸರಿದಂತೆ ಅನಿಸುವುದಿಲ್ಲ, ಆದರೆ ಅದು ಬಿಟ್ಟುಕೊಟ್ಟ ಜಾಗದಲ್ಲಿ ಮಾತು ಬಂದು ಕೂರುತ್ತದೆ. ಇಡೀ ಮಿಶ್ರಣದಲ್ಲಿ ನನಗೆ ಅತ್ಯಂತ ಪ್ರಿಯವಾದ ಉಪಾಯ ಇದು. ಪೇಟಿಯನ್ನು ತುಸು ಬಲಕ್ಕೆ, ದಮ್ಮಡಿಯನ್ನು ತುಸು ಎಡಕ್ಕೆ, ಹಿಮ್ಮೇಳದ ಎರಡು ಪದರಗಳನ್ನು ಎರಡೂ ಬದಿಗೆ ಇಟ್ಟು, ಹಾಡುವವರನ್ನೂ ತಬಲಾವನ್ನೂ ನಡುವೆ ಉಳಿಸಿ.

ಗುಮ್ಮಟದ ಪಾಠ

ಹದಗೊಳಿಸಿದ ಕೋಣೆಯಲ್ಲಿ ಮುದ್ರಿಸಿದ ದನಿ ಒಣಗಿದಂತೆ ಕೇಳಿಸುತ್ತದೆ. ಅದಕ್ಕೊಂದು ಗುಡಿಯ, ಒಂದು ಮಠದ ಆವರಣ ಮರಳಿ ಕೊಡಬೇಕು. ಇದರಲ್ಲಿ ಎರಡು ಬಗೆ ಇದೆ, ಎರಡನ್ನೂ ತಿಳಿಯಲು ವಿಜಯಪುರಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಮುಹಮ್ಮದ್ ಆದಿಲ್ ಶಾಹನ ಸಮಾಧಿಯಾದ ಗೋಳಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಮೇಲಿನ ಮೊಗಸಾಲೆಯಲ್ಲಿ ನಿಂತು ಚಪ್ಪಾಳೆ ತಟ್ಟಿದರೆ ಸದ್ದು ಎದುರು ಗೋಡೆಗೆ ಹೋಗಿ ಬರಲು 76 ಮೀಟರ್ ಸಾಗಬೇಕು. ಸೆಕೆಂಡಿಗೆ ಸುಮಾರು 345 ಮೀಟರ್ ವೇಗದಲ್ಲಿ ಅದಕ್ಕೆ ಹತ್ತಿರಹತ್ತಿರ 220 ಮಿಲಿಸೆಕೆಂಡ್ ಹಿಡಿಯುತ್ತದೆ. ಇಷ್ಟು ತಡವಾಗಿ ಮರಳುವುದರಿಂದಲೇ ಕಿವಿ ಅದನ್ನು ಬೇರೆ ಸದ್ದೆಂದು ಎಣಿಸಬಲ್ಲದು, ಮತ್ತೆ ಮತ್ತೆ ಮರಳಿದ್ದನ್ನು ಒಂದು, ಎರಡು ಎಂದು ಲೆಕ್ಕ ಹಾಕಬಲ್ಲದು. ಸ್ಟುಡಿಯೋದಲ್ಲಿ ಇದಕ್ಕೆ ಡಿಲೇ ಎನ್ನುತ್ತಾರೆ. ಅದೇ ಗುಮ್ಮಟದ ಕೆಳಗಿನ ಸಭಾಂಗಣದಲ್ಲಿ ಮಾತಾಡಿದರೆ ನೂರಾರು ಮರುದನಿಗಳು ಒಂದರೊಳಗೊಂದು ಹೆಣೆದು ಮೋಡದಂತೆ ತೂಗುತ್ತವೆ, ಅದು ರಿವರ್ಬ್.

ತತ್ವಪದಕ್ಕೆ ರಿವರ್ಬ್ ಹಾಕುವಾಗ ಅವಧಿ 1.2 ಸೆಕೆಂಡ್ ಸುತ್ತಮುತ್ತ ಇರಲಿ, ಗುಮ್ಮಟದಷ್ಟು ಬೇಡ. ಮುಖ್ಯವಾದದ್ದು ಪ್ರಿ-ಡಿಲೇ ಎಂಬ ಗುಂಡಿ: ಅದನ್ನು 30-40 ಮಿಲಿಸೆಕೆಂಡಿಗೆ ಇಟ್ಟರೆ ಮಾತಿನ ಮೊದಲ ವ್ಯಂಜನ ಒಣದಾಗಿಯೇ ಕಿವಿಗೆ ಮುಟ್ಟಿ, ಆಮೇಲೆ ಆವರಣ ಅರಳುತ್ತದೆ. ರಿವರ್ಬ್‌ನ ಟ್ರ್ಯಾಕಿನಲ್ಲಿ 250 ಹರ್ಟ್ಸ್‌ಗಿಂತ ಕೆಳಗಿನದನ್ನೂ 6,000ಕ್ಕಿಂತ ಮೇಲಿನದನ್ನೂ ಕತ್ತರಿಸಿ. ತಾಳವನ್ನು ರಿವರ್ಬ್‌ಗೆ ಕಳಿಸಲೇಬೇಡಿ. 220 ಮಿಲಿಸೆಕೆಂಡಿನ ಡಿಲೇಯನ್ನು ಇಡೀ ಹಾಡಿಗೆ ಹಚ್ಚದೆ, ಪದದ ಕಟ್ಟಕಡೆಯ ನುಡಿಯಲ್ಲಿ ಬರುವ ಅಂಕಿತದ ಕೊನೆಯ ಅಕ್ಷರಕ್ಕೆ ಮಾತ್ರ ಕೊಟ್ಟು ನೋಡಿ. ಹಿಮ್ಮೇಳ ಸುಮ್ಮನಾದ ಮೌನದಲ್ಲಿ ಆ ಒಂದು ಅಕ್ಷರ ಮೂರು ನಾಲ್ಕು ಬಾರಿ ಮರಳಿ ಕರಗುತ್ತದೆ.

ತಂತ್ರಾಂಶದ ಸಿದ್ಧ ರಿವರ್ಬ್ ಇಷ್ಟವಾಗದಿದ್ದರೆ ನಿಜವಾದ ಜಾಗವನ್ನೇ ತರಬಹುದು. 1947ರಲ್ಲಿ ಷಿಕಾಗೋದ ಬಿಲ್ ಪುಟ್ನಮ್ ತನ್ನ ಸ್ಟುಡಿಯೋದ ಬಚ್ಚಲುಮನೆಯಲ್ಲಿ ಒಂದು ಸ್ಪೀಕರ್, ಒಂದು ಮೈಕ್ ಇಟ್ಟು, ಮುದ್ರಿಸಿದ ಸದ್ದನ್ನು ಅಲ್ಲಿ ನುಡಿಸಿ ಅದರ ಮರುದನಿಯನ್ನು ಹಿಡಿದು ಬೆರೆಸಿದ. ನಿಮ್ಮ ಊರಿನ ಕಲ್ಲಿನ ಮಠದ ಒಳಮಂಟಪದಲ್ಲಿ, ಅಲ್ಲಿನವರ ಒಪ್ಪಿಗೆ ಪಡೆದು, ಒಣ ದನಿಯನ್ನು ಸ್ಪೀಕರಿನಲ್ಲಿ ನುಡಿಸಿ ಹತ್ತು ಹೆಜ್ಜೆ ದೂರದಲ್ಲಿ ಮೈಕ್ ಇಟ್ಟು ಮುದ್ರಿಸಿದರೆ ಅದೇ ಕೆಲಸವಾಗುತ್ತದೆ. ಇನ್ನೂ ಸುಲಭದ ದಾರಿ, ಅಂತಹ ಜಾಗದಲ್ಲಿ ಒಂದು ಬಿಗಿಯಾದ ಚಪ್ಪಾಳೆ ತಟ್ಟಿ, ಅದು ಪೂರ್ತಿ ಅಡಗುವವರೆಗೆ ಮುದ್ರಿಸಿ, ಆ ಮುದ್ರಣವನ್ನು, ಒಂದು ಜಾಗದ ಮರುದನಿಯನ್ನು ಹಾಡಿಗೆ ಹಚ್ಚುವ ಕನ್ವಲ್ಯೂಷನ್ ರಿವರ್ಬ್‌ಗೆ ಉಣಿಸುವುದು; ರೀಪರ್‌ನಲ್ಲಿ ಈ ಸೌಲಭ್ಯ ಇದೆ. ಒಂದು ಚಪ್ಪಾಳೆಯೊಳಗೆ ಆ ಜಾಗದ ಇಡೀ ಸ್ವಭಾವ ಅಡಗಿರುತ್ತದೆ.

ಶ್ರುತಿ ತಿದ್ದುವ ಯಂತ್ರದ ಬಗ್ಗೆ

ಆಟೋ-ಟ್ಯೂನ್ 1997ರಲ್ಲಿ ಮಾರುಕಟ್ಟೆಗೆ ಬಂತು. ಅದನ್ನು ರೂಪಿಸಿದ ಆಂಡಿ ಹಿಲ್ಡೆಬ್ರಾಂಡ್ ಅದಕ್ಕೆ ಮೊದಲು ತೈಲ ಶೋಧಕ್ಕಾಗಿ ಭೂಮಿಯೊಳಗಿನ ಕಂಪನಗಳನ್ನು ವಿಶ್ಲೇಷಿಸುತ್ತಿದ್ದವರು. ಸ್ವರವನ್ನು ಹನ್ನೆರಡು ಸಮ ಮನೆಗಳಲ್ಲಿ ಹತ್ತಿರದ್ದಕ್ಕೆ ಎಳೆದು ಕೂರಿಸುವುದು ಅದರ ಸಾಮಾನ್ಯ ಬಳಕೆ. ನಮ್ಮ ಹಾಡುಗಾರಿಕೆಯಲ್ಲಿ ಸ್ವರ ಒಂದು ಮನೆಯಿಂದ ಇನ್ನೊಂದಕ್ಕೆ ಜಾರುವ ದಾರಿಯಲ್ಲಿಯೇ ಭಾವ ಇದೆ, ಯಂತ್ರ ಆ ದಾರಿಯನ್ನು ಮೆಟ್ಟಿಲಾಗಿ ಕಡಿಯುತ್ತದೆ. ಭಜನೆಗೆ ಇದನ್ನು ಬಳಸಬಾರದು. ಎಲ್ಲೋ ಒಂದು ದೀರ್ಘ ಸ್ವರ ತೀರಾ ತಗ್ಗಿದ್ದರೆ ಇನ್ನೊಂದು ಪ್ರತಿಯಿಂದ ಆ ಸಾಲನ್ನೇ ತನ್ನಿ.

ಕೊನೆಯ ಹಂತ

ಯೂಟ್ಯೂಬ್ ಜೋರಾದ ಹಾಡುಗಳನ್ನು −14 ಲಫ್ಸ್ (ಕಿವಿಗೆ ಅನಿಸುವ ಸರಾಸರಿ ಜೋರಿನ ಅಳತೆ) ಸುತ್ತಮುತ್ತಲಿನ ಮಟ್ಟಕ್ಕೆ ತಾನೇ ಇಳಿಸುತ್ತದೆ. ಆದ್ದರಿಂದ ಲಿಮಿಟರ್ ಹಚ್ಚಿ ಎಲ್ಲವನ್ನೂ ಹಿಂಡಿ ಜೋರು ಮಾಡುವುದರಿಂದ ಲಾಭವಿಲ್ಲ. ಒಟ್ಟು ಮಟ್ಟ −14ರ ಆಸುಪಾಸು, ತುದಿ −1 ಡಿಬಿ ಮೀರದಂತೆ ಇಟ್ಟರೆ ಸಾಕು. ಮಿಶ್ರಣವನ್ನು ಮೋನೋದಲ್ಲಿ ತಪ್ಪದೆ ಕೇಳಿ, ಏಕೆಂದರೆ ಗುಡಿಯ ಹಾರ್ನ್ ಸ್ಪೀಕರಿನಲ್ಲಿ ಮತ್ತು ಅನೇಕ ಮೊಬೈಲ್‌ಗಳಲ್ಲಿ ಎಡ ಬಲ ಎರಡೂ ಒಂದಾಗುತ್ತವೆ. ಅಲ್ಲಿ ಹಿಮ್ಮೇಳ ಮಾಯವಾದರೆ ಅದರ ಎರಡು ಪದರಗಳನ್ನು ಮತ್ತೆ ನೋಡಬೇಕು. ಪದ ಗೊತ್ತಿಲ್ಲದ ಒಬ್ಬರಿಗೆ ಸಣ್ಣ ಮೊಬೈಲಿನಲ್ಲಿ ಕೇಳಿಸಿ, ಕೇಳಿಸಿದ ಮಾತನ್ನು ಬರೆಯಲು ಹೇಳಿ. ಅವರು ತಪ್ಪಾಗಿ ಬರೆದ ಪ್ರತಿ ಮಾತಿನ ಜಾಗಕ್ಕೂ ಮರಳಿ ಹೋಗಿ ಮಟ್ಟ ತಿದ್ದಿ.

ಮೂಲ ಟ್ರ್ಯಾಕ್‌ಗಳನ್ನು 24 ಬಿಟ್ ವೇವ್ ಫೈಲ್‌ಗಳಾಗಿ ಎರಡು ಬೇರೆ ಡಿಸ್ಕ್‌ಗಳಲ್ಲಿ ಇಡಿ. ಪ್ರತಿಯೊಂದರ ಜೊತೆ ಹಾಡಿದವರು, ನುಡಿಸಿದವರು, ಊರು, ದಿನಾಂಕ, ಪದದ ಪೂರ್ತಿ ಸಾಹಿತ್ಯ ಇವನ್ನು ಬರೆದಿಡಿ. ಜಾಲತಾಣಕ್ಕೆ ಏರಿಸುವ ಮೊದಲು ಮೇಳದ ಎಲ್ಲರಿಂದ ಒಪ್ಪಿಗೆ ಬರೆಸಿಕೊಳ್ಳಿ; ಹಣ ಬಂದರೆ ಹೇಗೆ ಹಂಚಬೇಕೆಂಬುದೂ ಅದರಲ್ಲಿರಲಿ. ಏರಿಸುವ ಹಿಂದಿನ ಸಂಜೆ ಅದೇ ಪಡಸಾಲೆಯಲ್ಲಿ ಮೇಳದವರನ್ನು ಕೂರಿಸಿ ಪೂರ್ತಿ ಕೇಳಿಸಬೇಕು. ತಬಲಾದವರು ತಮ್ಮ ಡಗ್ಗೆ ಸಣ್ಣದಾಯಿತೆನ್ನುತ್ತಾರೆ, ತಾಳದವರು ಏನೂ ಹೇಳದೆ ಕೂತಿರುತ್ತಾರೆ. ತಾಳದ ಟ್ರ್ಯಾಕನ್ನು ಅವರ ಎದುರಿಗೇ ಒಂದು ಡಿಬಿ ಎತ್ತಿ, ಮಾತು ಮುಚ್ಚದಿದ್ದರೆ ಹಾಗೆಯೇ ಬಿಡಿ.